ಹೆಡ್ಮಾಷ್ಟ್ರು ಪೆನ್ಸಿಲು ಕೆಳಗಿಟ್ಟ ದಿನ

ನಾನು ನಿಂತಿದ್ದದ್ದು ಕರಿಕೆಯ ನಮ್ಮ ಶಾಲೆಯ ಉದ್ದ ಕೋಣೆಯಲ್ಲಿ, ಪಶ್ಚಿಮದ ಕಿಟಕಿಯ ಹತ್ತಿರ, ಗೋಡೆಗೆ ಬೆನ್ನು ತಾಗದಷ್ಟು ದೂರದಲ್ಲಿ. ಜನವರಿ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತೂಕಾಲು. ಗೋಡೆಯ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು, ಹಾಗಾಗಿ ಹತ್ತೂ ಹತ್ತು ಎಂದರೂ ತಪ್ಪಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ಶಾಲೆಯ ಬೋರ್ಡಿನಲ್ಲಿ ಹೊಸ ಬಣ್ಣ ಸುಲಿದು ಹಳೆಯ ಅಕ್ಷರಗಳು ಇಣುಕುತ್ತಿದ್ದವು. ನನ್ನ ಬಲ ಜೇಬಿನಲ್ಲಿ ಒಂದು ಹಿಡಿ ಕಾಫಿ ಬೀಜ. ಎಡ ಜೇಬಿನಲ್ಲಿ ಒಂಬತ್ತು. ಹತ್ತನೆಯದು ಬೆರಳುಗಳ ನಡುವೆ ಇತ್ತು. ಅದು ಎಡ ಜೇಬಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಹೇಳುವವರು ಯಾರೂ ಇಲ್ಲದಿರುವುದರಿಂದ ನಾನು ಹೇಳಬೇಕಾಗಿದೆ.

ಹೋದ ತಿಂಗಳು ಮಡಿಕೇರಿಯಲ್ಲಿ ನಮ್ಮ ಹೆಡ್ಮಾಷ್ಟ್ರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಹೊಗಳಿದವರು ಏಳು ಮಂದಿ. ‘ಮಾನವೀಯ’ ಎಂಬ ಪದ ಹನ್ನೊಂದು ಸಲ ಬಂತು. ನಾನು ಎಣಿಸಿದೆ, ಎಣಿಸುವುದನ್ನು ಕಲಿಸಿದವರೇ ಅವರು. ಅವರು ಬದುಕಿದ್ದರೆ ಎದ್ದು ನಿಂತು, “ಮಾನವೀಯ ಅಂದರೆ ಯಾವ ಕ್ರಿಯೆ? ಗಂಟೆಗೆ ಎಷ್ಟು ಸಲ?” ಎಂದು ಕೇಳುತ್ತಿದ್ದರು. ವೇದಿಕೆಯ ಮೇಲೆ ಅವರ ಫೋಟೋದ ಪಕ್ಕದಲ್ಲಿ ಇನ್ನೊಂದು ಚೌಕಟ್ಟಿತ್ತು. ಅದರೊಳಗೆ ಏರಿಳಿಯುವ ಒಂದು ರೇಖೆಯ ಗ್ರಾಫು. ಎರಡಕ್ಕೂ ಒಂದೇ ಅಳತೆಯ ಹಾರ. ಕೊನೆಯಲ್ಲಿ ಮಾತಾಡಿದವರು ರೇಖೆಯ ಒಂದು ಕಡೆ ಬೆರಳಿಟ್ಟು, “ನೋಡಿ, ಹಣ್ಣು ಕೊಡುವುದನ್ನು ನಿಲ್ಲಿಸಿದ ಮೂರನೆಯ ದಿನವೇ ಮಗು ತಾನಾಗಿ ಸುಧಾರಿಸಿತು. ಕಲಿಕೆ ಒಳಗಿಳಿದಿತ್ತು,” ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಬೆರಳಿದ್ದದ್ದು ನನ್ನ ಬುಧವಾರದ ಮೇಲೆ.

ಹೆಡ್ಮಾಷ್ಟ್ರ ಹೆಸರನ್ನು ನಾನು ಬರೆಯುವುದಿಲ್ಲ. ಈಗಾಗಲೇ ಅದನ್ನು ಎರಡು ಕಟ್ಟಡಗಳ ಮೇಲೆ ಬರೆದಿದ್ದಾರೆ.

ಅವರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹೊರದೇಶಕ್ಕೆ ಹೋಗಿ, ಮನುಷ್ಯರ ನಡವಳಿಕೆಯನ್ನು ಅಳೆದು ತಿದ್ದುವ ಹೊಸ ವಿದ್ಯೆಯನ್ನು ಕಲಿತು ಬಂದವರು. ಅಂಥವರನ್ನು ಎಲ್ಲಿ ಉಪಯೋಗಿಸಬೇಕೆಂದು ಇಲಾಖೆಗೆ ಚೆನ್ನಾಗಿ ಗೊತ್ತಿತ್ತು. ಭಾಗಮಂಡಲದಿಂದ ಜೀಪು ಸಿಕ್ಕಿದರೆ ಜೀಪು, ಇಲ್ಲದಿದ್ದರೆ ಕಾಲು ಎಂಬಂಥ ಊರಿಗೆ, ಎರಡು ಮಾಷ್ಟ್ರ ಶಾಲೆಗೆ ಹೆಡ್ಮಾಷ್ಟ್ರನ್ನಾಗಿ ಹಾಕಿದರು. ಇನ್ನೊಬ್ಬ ಮಾಷ್ಟ್ರು ನಾನು. ಅವರು ಬಂದ ದಿನ ಇಳಿಸಿದ್ದು ಪುಸ್ತಕದ ಎರಡು ಟ್ರಂಕು, ಒಂದು ಸ್ಟಾಪ್‌ವಾಚು, ಮತ್ತು ಗುಣವಾಚಕಗಳ ಮೇಲಿನ ತೀರದ ದ್ವೇಷ.

ಮೊದಲ ವಾರವೇ ನಾನು ಒಬ್ಬ ಹುಡುಗನನ್ನು ತೋರಿಸಿ, “ಇವನು ಸೋಮಾರಿ ಸಾರ್,” ಎಂದೆ.

“ಎಲ್ಲಿದೆ?”

“ಏನು ಸಾರ್?”

“ಸೋಮಾರಿತನ. ನನಗೆ ಕಾಣಿಸುತ್ತಿಲ್ಲ. ಹುಡುಗ ಕಾಣಿಸುತ್ತಾನೆ, ಸ್ಲೇಟು ಕಾಣಿಸುತ್ತದೆ. ಎಷ್ಟು ಸಲ ಬರೆಯಲಿಲ್ಲ? ಎಣಿಸಿದಿರಾ?”

ನಾನು ಎಣಿಸಿರಲಿಲ್ಲ. ಅವರು ಮೂರು ದಿನ ಎಣಿಸಿದರು. ಬರೆಯದ ಸಲವೆಲ್ಲ ಹುಡುಗನ ಹತ್ತಿರ ಬಳಪ ಇರಲಿಲ್ಲ. ಬಳಪ ಕೊಟ್ಟ ಮೇಲೆ ಅವನು ಎಲ್ಲರಿಗಿಂತ ಹೆಚ್ಚು ಬರೆದ. ಅವರು ಹೇಳಿದ್ದು ಸರಿಯಾಗಿತ್ತು. ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಹೊಗಳಿದ ಏಳು ಮಂದಿಯಲ್ಲಿ ಒಬ್ಬರಿಗೂ ಈ ಬಳಪದ ವಿಷಯ ಗೊತ್ತಿರಲಿಲ್ಲ. ಇದು ಚೌಕಟ್ಟಿಗೆ ಸಾಲುವಷ್ಟು ದೊಡ್ಡದಲ್ಲ.

ಶಾಲೆಯ ಜವಾನ ಕುಂಞಂಬು ಗಡಿಯಾಚೆಯ ಪಾಣತ್ತೂರಿನವನು, ಗಂಟೆ ಹೊಡೆಯುವ ಕೆಲಸದಲ್ಲಿ ಸದಾ ತಡ. ಹೆಡ್ಮಾಷ್ಟ್ರು ಅವನನ್ನು ಬೈಯಲಿಲ್ಲ. ಹತ್ತು ದಿನ ಸುಮ್ಮನೆ ತಡವಾದ ನಿಮಿಷಗಳನ್ನು ಬರೆದುಕೊಂಡರು. ಏನನ್ನೂ ಬದಲಿಸದೆ ಇದ್ದದ್ದನ್ನು ಇದ್ದಂತೆ ಅಳೆಯುವ ಈ ಕಾಲಕ್ಕೆ ‘ಬೇಸ್‌ಲೈನ್’ ಎಂದು ಹೆಸರು. ಆಮೇಲೆ, ಸಮಯಕ್ಕೆ ಸರಿಯಾಗಿ ಗಂಟೆ ಹೊಡೆದಾಗಲೆಲ್ಲ “ಶಹಬ್ಬಾಸ್” ಎನ್ನತೊಡಗಿದರು.

“ಸಾರೇ, ಶಹಬ್ಬಾಸ್ ಇಟ್ಟುಕೊಂಡು ನಾನು ಎಂಥ ಮಾಡುವುದು? ಒಂದು ಬೀಡಿ ಕೊಡಿ.”

ಬೀಡಿ ಕೊಟ್ಟರು. ಗಂಟೆ ಸಮಯಕ್ಕೆ ಬಂತು. ಇನ್ನೂ ಕೆಲವು ದಿನಕ್ಕೆ ಸಮಯಕ್ಕಿಂತ ಮುಂಚೆಯೇ ಬರತೊಡಗಿತು. ಬೀಡಿಯ ಕಟ್ಟು ಮುಗಿಯುವ ತನಕ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮೊದಲು ಮನೆಗೆ ಬಿಡುತ್ತಿದ್ದ ಶಾಲೆ ನಮ್ಮದು. ಆದರೆ ಹೆಡ್ಮಾಷ್ಟ್ರಿಗೆ ಇಷ್ಟು ಸಾಲಲಿಲ್ಲ. “ಕೊಟ್ಟಾಗ ಆಯಿತು ಅಂದರೆ ಏನೂ ಸಾಬೀತಾಗಲಿಲ್ಲ. ತೆಗೆದಾಗ ಹೋಗಬೇಕು, ಮತ್ತೆ ಕೊಟ್ಟಾಗ ಬರಬೇಕು. ಆಗ ಮಾತ್ರ ನಮ್ಮಿಂದ ಆಯಿತು ಅನ್ನಬಹುದು,” ಎಂದು ಒಂದು ವಾರ ಬೀಡಿ ನಿಲ್ಲಿಸಿದರು. ಗಂಟೆ ತಡವಾಯಿತು. ಮತ್ತೆ ಕೊಟ್ಟರು. ಗಂಟೆ ಓಡಿಬಂತು. ಅವತ್ತು ಅವರ ಮುಖ ನೋಡಬೇಕಿತ್ತು. ಹೊಸ ಗ್ರಹ ಕಂಡವರೂ ಅಷ್ಟು ಹಿಗ್ಗಿರಲಾರರು.

ಒಂದು ಸಲ ಅವರ ಹೆಂಡತಿ ಉಪ್ಪಿಲ್ಲದ ಸಾರು ಬಡಿಸಿ, ಕೇಳಿದ್ದಕ್ಕೆ “ಬೇಸ್‌ಲೈನ್” ಎಂದರಂತೆ. ಇದನ್ನು ನಾನು ನೋಡಿಲ್ಲ, ಕುಂಞಂಬು ಹೇಳಿದ್ದು. ಅದಕ್ಕೇ ‘ಅಂತೆ’ ಎಂದಿದ್ದೇನೆ.

ನನ್ನ ಕಾಫಿ ಬೀಜಗಳ ವಿಷಯಕ್ಕೆ ಬರುತ್ತೇನೆ. ಒಬ್ಬನ ಕಣ್ಣನ್ನು ನಂಬಬಾರದು ಎಂಬುದು ಆ ವಿದ್ಯೆಯ ನಿಯಮ. ಇಬ್ಬರು ಬೇರೆ ಬೇರೆ ಕಡೆ ನಿಂತು, ಒಬ್ಬರಿಗೊಬ್ಬರು ತೋರಿಸದೆ, ಒಂದೇ ಸಂಗತಿಯನ್ನು ಎಣಿಸಬೇಕು. ಕೊನೆಗೆ ಎರಡೂ ಲೆಕ್ಕ ಹೊಂದಬೇಕು. ಅವರು ಹಲಗೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು. ನಾನು ಪ್ರತಿ ಸಲಕ್ಕೂ ಒಂದು ಕಾಫಿ ಬೀಜವನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕಬೇಕು. ಮೊದಲ ಎರಡು ದಿನ ನಮ್ಮ ಲೆಕ್ಕ ಹೊಂದಲಿಲ್ಲ. “ನಿಮ್ಮ ಕಣ್ಣಿಗೆ ತರಬೇತಿ ಬೇಕು,” ಎಂದರು. ಮೂರನೆಯ ದಿನದಿಂದ ನಾನು ಕಿವಿಗೆ ತರಬೇತಿ ಕೊಟ್ಟೆ. ಅವರು ಪೆನ್ಸಿಲನ್ನು ಒತ್ತಿ ಎಳೆಯುವವರು. ಹಲಗೆಯ ಮೇಲೆ ‘ಸರ್’ ಎಂದು ಸದ್ದಾಗುತ್ತಿತ್ತು. ಸದ್ದಾದರೆ ಒಂದು ಬೀಜ. ಆಮೇಲೆ ನಮ್ಮ ಲೆಕ್ಕ ಹೊಂದಿದ್ದೇ ಹೊಂದಿದ್ದು. ನನ್ನ ಸೂಕ್ಷ್ಮದೃಷ್ಟಿಯನ್ನು ಮೆಚ್ಚಿ ಅವರು ಇಲಾಖೆಗೆ ಒಂದು ಪತ್ರವನ್ನೂ ಬರೆದರು.

ಅದು ಮೋಸವೆಂದು ಆಗ ನನಗೆ ಹೊಳೆಯಲಿಲ್ಲ ಎಂದರೆ ನಂಬಬೇಕು. ಮೇಲಿನವರು ಬರೆದದ್ದನ್ನೇ ಬರೆಯುವುದು ಇಲಾಖೆ ನನಗೆ ಅಲ್ಲಿಯ ತನಕ ಕಲಿಸಿದ್ದ ಒಂದೇ ವಿದ್ಯೆ.

ಇನ್ನು ಸೀತೆ.

ಮಧ್ಯಾಹ್ನದ ಉಪ್ಪಿಟ್ಟು ಮಾಡಲು ಶಾಲೆಗೆ ಬರುತ್ತಿದ್ದ ದೇವಕ್ಕನ ಮಗಳು ಅವಳು, ಎಂಟು ವರ್ಷ. ಮಾತಿಲ್ಲ. ಎರಡು ವರ್ಷದಿಂದ ಅಡುಗೆ ಕೋಣೆಯ ಜಗಲಿಯಲ್ಲಿ ಕುಳಿತಿರುತ್ತಿದ್ದಳು. ಒಳಗೆ ಒಂದನೇ ತರಗತಿಯವರು ಮಗ್ಗಿ ಕೂಗುತ್ತಿರುತ್ತಿದ್ದರು. ಅವಳ ಒಂದೇ ಕೆಲಸವೆಂದರೆ ಬಲಗೈಯ ಹೆಬ್ಬೆರಳಿನ ಬುಡವನ್ನು ಕಚ್ಚುವುದು. ಅಲ್ಲಿ ಚರ್ಮ ದಪ್ಪವಾಗಿ, ಒಡೆದು, ಮತ್ತೆ ದಪ್ಪವಾಗಿತ್ತು. ದೇವಕ್ಕ ಬಟ್ಟೆ ಸುತ್ತಿದರೆ ಬಟ್ಟೆ ನೆನೆಯುತ್ತಿತ್ತು. ಆಸ್ಪತ್ರೆಗೆ ಹೋಗಿ ಬಂದದ್ದಾಗಿತ್ತು, ಹರಕೆ ಹೊತ್ತದ್ದಾಗಿತ್ತು.

ಹೆಡ್ಮಾಷ್ಟ್ರು ಒಂದು ದಿನ ಜಗಲಿಯಲ್ಲಿ ಅವಳ ಎದುರು ಅರ್ಧ ಗಂಟೆ ಕುಳಿತರು. ಎದ್ದು, “ದೇವಕ್ಕ, ಇದನ್ನು ನಾನು ಬಿಡಿಸುತ್ತೇನೆ,” ಎಂದರು. ಅಷ್ಟು ಖಚಿತವಾಗಿ ಆ ತಾಯಿಗೆ ಅದುವರೆಗೆ ಯಾರೂ ಏನನ್ನೂ ಹೇಳಿರಲಿಲ್ಲ.

ಮೊದಲು ಹತ್ತು ದಿನದ ಬೇಸ್‌ಲೈನ್. ಉಳಿದ ಮಕ್ಕಳನ್ನು ಬೆಳಿಗ್ಗೆ ಒಂದು ಗಂಟೆ ಶಾಲೆಯ ತೋಟಕ್ಕೆ ಅಟ್ಟಿ, ಸೀತೆಯನ್ನು ಉದ್ದ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸುತ್ತಿದ್ದೆವು. ವಿಜ್ಞಾನದ ಆ ದಿನಗಳಲ್ಲಿ ನಮ್ಮ ಬದನೆ ಬಹಳ ಚೆನ್ನಾಗಿ ಬಂತು. ಅವಳು ಕಚ್ಚಿದಾಗ ಯಾರೂ ಕೈ ಹಿಡಿಯಬಾರದು, ಮುಖ ನೋಡಬಾರದು, ಕೈಯನ್ನು ಮಾತ್ರ ನೋಡಬೇಕು.

“ಹಂಗಾರೆ ನಾ ನೋಡಿಕಂಡ್ ಇರೊಕಾ ಮಾಷ್ಟ್ರೆ?” ಎಂದು ದೇವಕ್ಕ ತನ್ನ ಅರೆಭಾಷೆಯಲ್ಲಿ ನನ್ನನ್ನು ಕೇಳಿದಳು. ಸೌಟು ಕೈಯಲ್ಲೇ ಇತ್ತು.

“ಹತ್ತು ದಿನ ಅಷ್ಟೇ ದೇವಕ್ಕ,” ಎಂದೆ. ಹತ್ತು ದಿನ ನನ್ನದಲ್ಲವಾದ್ದರಿಂದ ಹೇಳುವುದು ಸುಲಭವಾಗಿತ್ತು.

ಹನ್ನೊಂದನೆಯ ದಿನದಿಂದ ಕಿತ್ತಳೆ. ತೋಟಗಳಲ್ಲಿ ಅದರದೇ ಕಾಲ. ಸೀತೆಯ ಕೈ ಸ್ವಲ್ಪ ಹೊತ್ತು ಮಡಿಲಲ್ಲಿದ್ದರೆ ಒಂದು ತೊಳೆ, “ಜಾಣೆ” ಎಂಬ ಒಂದು ಮಾತು. ಮೊದಲು ಐದೆಣಿಸುವಷ್ಟು ಹೊತ್ತಿಗೆ, ಆಮೇಲೆ ಹತ್ತಕ್ಕೆ, ಆಮೇಲೆ ಒಂದು ನಿಮಿಷಕ್ಕೆ. ಹೆಡ್ಮಾಷ್ಟ್ರ ತಾಳ್ಮೆ ಎಂಥದೆಂದು ನಾನು ಕಂಡದ್ದು ಆಗ. ಒಂದು ದಿನವೂ ದನಿ ಏರಿಸಲಿಲ್ಲ. ಕಿತ್ತಳೆಯ ನಾರನ್ನೂ ಬೀಜವನ್ನೂ ಬಿಡಿಸಿ ಕೊಡುತ್ತಿದ್ದರು, ಆ ಕೆಲಸಕ್ಕೆ ಅವರ ಪುಸ್ತಕಗಳಲ್ಲಿ ಹೆಸರಿದ್ದಂತೆ ಕಾಣೆ. ಎರಡು ವಾರ ಕಳೆದ ಮೇಲೆ ಒಂದು ಶುಕ್ರವಾರ ಸೀತೆ ಪೂರ್ತಿ ಒಂದು ಗಂಟೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ದೇವಕ್ಕ ಬಾಗಿಲಲ್ಲಿ ನಿಂತು ನೋಡುತ್ತ ಒಲೆಯನ್ನು ಮರೆತಳು. ಅವತ್ತು ಮಕ್ಕಳೆಲ್ಲ ಸೀದ ಉಪ್ಪಿಟ್ಟು ತಿಂದರು. ಯಾರೂ ಗೊಣಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಆ ಏಳು ಮಂದಿಯ ಜೊತೆ ಎಂಟನೆಯವನಾಗಿ ನಾನೂ ಮಾತಾಡುತ್ತಿದ್ದೆ.

ಆ ಸಂಜೆ ಹೆಡ್ಮಾಷ್ಟ್ರು, “ಸೋಮವಾರದಿಂದ ಐದು ದಿನ ಹಣ್ಣು ತೆಗೆದು ನೋಡಬೇಕು,” ಎಂದರು. ನಾನು “ಸರಿ ಸಾರ್” ಎಂದೆ. ಸಾಕ್ಷಿ ಹೇಳುವವನು ಇದನ್ನೂ ಹೇಳಬೇಕು.

ಕುಂಞಂಬು ಮಾತ್ರ ಹಾಗೆನ್ನಲಿಲ್ಲ. “ಸಾರೇ, ನನ್ನ ಬೀಡಿ ತೆಗೆದಿರಿ, ಗಂಟೆ ತಡ ಆಯಿತು. ಅದು ಕಬ್ಬಿಣ, ಅದಕ್ಕೆ ನೋವಿಲ್ಲ. ಈ ಮಗು ಎಂಥ, ಗಂಟೆಯಾ?”

ಹೆಡ್ಮಾಷ್ಟ್ರು ಸಿಟ್ಟಾಗಲಿಲ್ಲ. “ಇಂಥ ಮಕ್ಕಳು ಎಷ್ಟು ಊರುಗಳಲ್ಲಿ ಮೂಲೆಯಲ್ಲಿ ಕೂತಿದ್ದಾರೋ. ಪುರಾವೆ ಇಲ್ಲದೆ ಹೋದರೆ ಕಿತ್ತಳೆ ತಿನ್ನಿಸಿದ ಕಥೆ ಅಂತ ನಗುತ್ತಾರೆ. ಐದು ದಿನ, ಕುಂಞಂಬು. ಆಮೇಲೆ ನೂರು ಮಕ್ಕಳಿಗೆ ಆಗುತ್ತದೆ.”

“ಆ ನೂರು ಮಕ್ಕಳನ್ನು ಕೂರಿಸಿ ತೆಗೆಯಿರಿ ಸಾರೇ. ಇದು ದೇವಕ್ಕನಿಗೆ ಒಂದೇ.”

ದೇವಕ್ಕ ತಾನೇ ಬಂದಳು. “ನೀವು ಬರ್ದದ್ ಸಾಕ್ ಮಾಷ್ಟ್ರೆ. ಅವ್ಳ್ ಈಗ ಸರಿ ಆತ್. ನಿಮ್ಗೆ ಹಣ್ಣ್ ತರಿಕೆ ಕಷ್ಟ ಆದ್ರೆ ನಾ ತನ್ನೆ.”

“ಹಣ್ಣಿನ ಪ್ರಶ್ನೆ ಅಲ್ಲ ದೇವಕ್ಕ.”

“ಮತ್ತೆ ಎಂತದ್ರ ಪ್ರಶ್ನೆ?”

ಅದಕ್ಕೆ ಅವರು ಕೊಟ್ಟ ಉತ್ತರದಲ್ಲಿ ಹೊರಗಿನ ಕಾರಣಗಳನ್ನು ಬೇರ್ಪಡಿಸುವ ವಿಚಾರವಿತ್ತು. ದೇವಕ್ಕ ಕೊನೆಯವರೆಗೂ ಕೇಳಿ, “ನಂಗೆ ಗೊತ್ಲೆ,” ಎಂದು ಒಲೆಯ ಹತ್ತಿರ ಹೋದಳು. ಬಿಡಿಸಿದವರೇ ಅವರು, ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲವೆಂದು ಕಾಣುತ್ತದೆ.

ಸೋಮವಾರ ಸೀತೆ ಅಂಗೈ ಒಡ್ಡಿ ಕಾದಳು. ಕಿತ್ತಳೆ ಬರಲಿಲ್ಲ. ಗಂಟೆ ಮುಗಿಯುವ ಹೊತ್ತಿಗೆ ಐದಾರು ಸಲ ಕಚ್ಚಿದಳು. ಮಂಗಳವಾರ ಮೊದಲಿನ ಹತ್ತು ದಿನಗಳಲ್ಲಿ ಯಾವತ್ತೂ ಇಲ್ಲದಷ್ಟು ಕಚ್ಚಿದಳು; ಪೆನ್ಸಿಲಿನ ಸದ್ದಿನ ಜೊತೆ ಓಡಲು ನನ್ನ ಬೆರಳಿಗೆ ಆಗಲಿಲ್ಲ.

ಬುಧವಾರ. ಹೆಡ್ಮಾಷ್ಟ್ರು ಪೂರ್ವದ ಗೋಡೆಯ ಹತ್ತಿರ ಕುರ್ಚಿಯಲ್ಲಿ, ನಾನು ಪಶ್ಚಿಮದ ಕಿಟಕಿಯಲ್ಲಿ, ಸೀತೆ ನಡುವೆ ಮಣೆಯ ಮೇಲೆ. ದೇವಕ್ಕ ಅಡುಗೆ ಕೋಣೆಯ ಬಾಗಿಲಲ್ಲಿ. ಕುಂಞಂಬು ಹೊರಗೆ ಜಗಲಿಯಲ್ಲಿ, ಕಿಟಕಿಯ ಸರಳು ಹಿಡಿದು. ಕಪ್ಪು ಹಲಗೆ ನನ್ನ ಬೆನ್ನ ಹಿಂದಿತ್ತು, ಅದರ ಮೇಲೆ ಏನಿತ್ತೆಂದು ಹೇಳಲಾರೆ. ಹದಿನೈದು ನಿಮಿಷಕ್ಕೇ ಒಂಬತ್ತು ಸಲ ಆಗಿತ್ತು. ಒಂಬತ್ತು ಸದ್ದು, ಒಂಬತ್ತು ಬೀಜ.

ಆಮೇಲೆ ಸೀತೆ ಹೆಡ್ಮಾಷ್ಟ್ರ ಮುಖ ನೋಡಿದಳು. ಅವರು ಅವಳ ಕೈ ನೋಡುತ್ತಿದ್ದರು. ನನ್ನ ಕಡೆ ತಿರುಗಿದಳು. ನಾನೂ ಕೈಯನ್ನೇ ನೋಡುತ್ತಿದ್ದೆ. ಅವಳು ಕಚ್ಚಿದಳು. ಕೈಯನ್ನು ಬಾಯಿಯಿಂದ ತೆಗೆದು ನಮಗೆ ಕಾಣುವಂತೆ ಮುಂದೆ ಹಿಡಿದು,

“ಒಂದು,” ಎಂದಳು.

ನಾವು ಕೇಳಿದ ಅವಳ ಮೊದಲ ಮಾತು ಅದು. ಸ್ಪಷ್ಟವಾಗಿತ್ತು, ಒಂದನೇ ತರಗತಿಯವರು ಕೂಗುವ ರಾಗದಲ್ಲೇ ಇತ್ತು. ಕಿತ್ತಳೆ ನಿಂತ ಮೇಲೆ ಆ ಕೋಣೆಯಲ್ಲಿ ಅವಳಿಗೆ ಸಿಗುತ್ತಿದ್ದ ಒಂದೇ ಉತ್ತರ ಪೆನ್ಸಿಲಿನ ಸದ್ದು. ಕಚ್ಚಿದರೆ ನಾವು ಎಣಿಸುತ್ತೇವೆ ಎಂಬುದು ಅವಳಿಗೆ ತಿಳಿದಿತ್ತು. ತಾನೂ ಎಣಿಸಿದಳು.

ಹೆಡ್ಮಾಷ್ಟ್ರು ಪೆನ್ಸಿಲನ್ನು ಹಲಗೆಯ ಮೇಲಿಟ್ಟರು. ಅದು ಉರುಳಿ ನೆಲಕ್ಕೆ ಬಿತ್ತು.

“ಎರಡು.”

ಸದ್ದಿಲ್ಲ. ನನ್ನ ಬೆರಳಿನಲ್ಲಿದ್ದ ಬೀಜ ಅಲ್ಲೇ ಇತ್ತು.

“ಮೂರು. ನಾಲ್ಕು.”

ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. ಏಳರ ತನಕ ನಾನು ನೋಡಿದೆ, ಕೇಳಿದೆ, ಒಂದು ಬೀಜವನ್ನೂ ಸರಿಸಲಿಲ್ಲ. ಪೆನ್ಸಿಲಿನ ಸದ್ದಿಗೆ ಕಾಯುತ್ತಿದ್ದೆ. ಅವಳ ಹತ್ತಿರಕ್ಕೂ ಹೋಗಲಿಲ್ಲ. ಹೆಡ್ಮಾಷ್ಟ್ರು ಎದ್ದದ್ದು ಏಳಾದ ಮೇಲೆ. ಬಂದು ಮಣೆಯ ಮುಂದೆ ಮಂಡಿಯೂರಿ, ತಮ್ಮ ಎಡಗೈಯನ್ನು ಅವಳ ಬಾಯಿಗೂ ಅವಳ ಕೈಗೂ ನಡುವೆ ಇಟ್ಟರು. ಹಲ್ಲು ಅವರ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಅವರು ಕೈ ಎಳೆದುಕೊಳ್ಳಲಿಲ್ಲ. ಅವಳೇ ಬಿಟ್ಟು, ತಲೆಯೆತ್ತಿ, “ಎಂಟು,” ಎಂದಳು.

“ಕಿತ್ತಳೆ,” ಎಂದರು ಹೆಡ್ಮಾಷ್ಟ್ರು. “ಯಾರಾದರೂ ಒಂದು ಕಿತ್ತಳೆ ತನ್ನಿ.”

ಕುಂಞಂಬು ತಂದ. ಗಾಯದ ಕೈಯಲ್ಲಿ ಸುಲಿಯಲು ಅವರಿಂದಾಗಲಿಲ್ಲ. ದೇವಕ್ಕ ಸುಲಿದಳು.

ಮಧ್ಯಾಹ್ನ ನಿಯಮದಂತೆ ಲೆಕ್ಕ ಹೋಲಿಸಿದೆವು.

“ನನ್ನದು ಒಂಬತ್ತು,” ಎಂದರು.

“ನನ್ನದೂ ಒಂಬತ್ತು ಸಾರ್.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆ ಶಾಲೆಯಲ್ಲಿ ಅವರು ಒಬ್ಬರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. “ನಿಮಗೆ ಕೇಳಿಸಲಿಲ್ಲವಾ?”

“ಕೇಳಿಸಿತು ಸಾರ್.”

ಇಷ್ಟು ದಿನದ ನಮ್ಮ ಹೊಂದಾಣಿಕೆ ಎಂಥದೆಂದು ಅವರಿಗೆ ಆಗ ತಿಳಿಯಿತೋ ಏನೋ. ಹಾಳೆಯನ್ನು ಫೈಲಿಗೆ ಸೇರಿಸಿದರು. ಗುರುವಾರದಿಂದ ಕಿತ್ತಳೆ ಮತ್ತೆ ಶುರುವಾಯಿತು. ಫೆಬ್ರವರಿಯಲ್ಲಿ ಬಂದ ಇನ್ಸ್‌ಪೆಕ್ಟರು ಹಾಳೆಗಳನ್ನು ಜೋಡಿಸಿ ನೋಡಿ, ಮಂಗಳವಾರ ಏರಿದ ರೇಖೆ ಬುಧವಾರ ಧುಮುಕಿದ್ದನ್ನು ಕಂಡು ಕುಣಿದುಬಿಟ್ಟರು. “ಹಣ್ಣಿಲ್ಲದೆಯೇ!” ಎಂದರು. “ಅದು ಹಾಗಲ್ಲ, ಅವತ್ತು ಪೂರ್ತಿ ಗಂಟೆ ನಾವು...” ಎಂದು ಹೆಡ್ಮಾಷ್ಟ್ರು ಶುರು ಮಾಡಿದ್ದನ್ನು ನಾನು ಕೇಳಿದ್ದೇನೆ. ಇನ್ಸ್‌ಪೆಕ್ಟರಿಗೆ ಜೀಪು ಹಿಡಿಯಬೇಕಿತ್ತು. ಮುಂದೆ ಬಡ್ತಿ ಬಂತು, ಭಾಷಣಗಳು ಬಂದವು. ಆ ವಾಕ್ಯವನ್ನು ಅವರು ಮುಗಿಸಿದ್ದು ನನಗೆ ಗೊತ್ತಿಲ್ಲ.

ವರ್ಷಗಳ ಮೇಲೆ ಮೈಸೂರಿನ ಒಂದು ತರಬೇತಿಯಲ್ಲಿ ಅವರ ಉಪನ್ಯಾಸ ಕೇಳಿದೆ. ಗೋಡೆಯ ಮೇಲೆ ಅದೇ ರೇಖೆ, ಬಲಗೈಯಲ್ಲಿ ಅದನ್ನು ತೋರಿಸುವ ಕೋಲು, ಎಡಗೈ ಪ್ಯಾಂಟಿನ ಜೇಬಿನಲ್ಲಿ. ಅದು ಅವರ ಗತ್ತು ಎಂದು ಪಕ್ಕದವರು ಮೆಚ್ಚಿಕೊಂಡರು. ಕೋಲು ಬುಧವಾರದ ಮೇಲೆ ನಿಲ್ಲದೆ ಜಾರಿ ಮುಂದೆ ಹೋಯಿತು. ಚಹಾದ ಹೊತ್ತಿಗೆ ನನ್ನನ್ನು ಹುಡುಕಿ ಬಂದರು.

“ಅವಳು ಹೇಗಿದ್ದಾಳೆ?”

“ಕಚ್ಚುವುದು ಬಿಟ್ಟಿದ್ದಾಳೆ ಸಾರ್. ಬೇಕೆನಿಸಿದಾಗ ಮಾತಾಡುತ್ತಾಳೆ.”

“ಎಷ್ಟು...” ಎಂದು ಬಾಯಿಗೆ ಬಂದದ್ದನ್ನು ನಿಲ್ಲಿಸಿದರು. ಜೇಬಿನಲ್ಲಿ ಕೈ ಅಲುಗಿದ್ದು ಕಾಣಿಸಿತು. “ಸರಿ,” ಎಂದು ಹೊರಟುಹೋದರು. ಆಮೇಲೆ ನಾನು ಅವರನ್ನು ಕಂಡದ್ದು ಹಾರದೊಳಗೆ.

ಅವರು ಕಚ್ಚುವುದನ್ನು ಬಿಡಿಸಿದ್ದು ನಿಜ. ಪುರಾವೆ ಸುಳ್ಳು. ಅದರಲ್ಲಿ ಅರ್ಧ ನನ್ನದು.

ಸಭೆಯ ಮರುವಾರ ಕರಿಕೆಗೆ ಹೋದೆ. ದೇವಕ್ಕ ತೀರಿಕೊಂಡು ಬಹಳ ಕಾಲವಾಯಿತು. ಕುಂಞಂಬು ಪಾಣತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಕಣ್ಣು ಮಂದ, ನೆನಪು ಚುರುಕು. ಕೇಳಿದರೆ ಎಲ್ಲವನ್ನೂ ಹೇಳುತ್ತಾನೆ, ಬೀಡಿ ಒಯ್ಯಬೇಕು. ಸೀತೆ ಆಮೇಲೆ ಹುಟ್ಟಿದ ತಮ್ಮನ ಮನೆಯ ಅಂಗಳದಲ್ಲಿ ಕರಿಮೆಣಸು ಬಿಡಿಸುತ್ತಿದ್ದಳು. ಹೆಡ್ಮಾಷ್ಟ್ರು ಹೋದರೆಂದು ಹೇಳಿದೆ. ಆ ದಿನ ಎಷ್ಟು ಸಲವೆಂದು ನೆನಪಿದೆಯಾ ಎಂದು ಕೇಳಿದೆ, ಯಾಕೆ ಕೇಳಿದೆನೋ. ಅವಳು ತಲೆಯೆತ್ತದೆ,

“ಎಂಟು,” ಎಂದಳು. ಇನ್ನೊಂದು ಗೊಂಚಲು ಬಿಡಿಸಿ ಹಾಕಿ, “ಎಂಟನೇದ್ ಅವರ್ದ್,” ಎಂದಳು.

ಅಂದು ಅದನ್ನು ಕಂಡವರಲ್ಲಿ ಈಗ ಬದುಕಿರುವವರು ಮೂವರು: ಕುಂಞಂಬು, ನಾನು, ಸೀತೆ. ಎಣಿಸಿದವಳು ಸೀತೆ ಒಬ್ಬಳೇ.